ಗ್ರೀಸ್ ಬಟ್ಟೆಗೂ ಒಂದು ಜಾಗ

ಗಲ್ಫಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೆ ಅಂಟಿಕೊಂಡು ಒಂದು ಪುಟ್ಟ ಕೋಣೆ ಇದೆ. ಮನೆಗೆಲಸದವರು ಮಲಗಲೆಂದು ಕಟ್ಟಿದ್ದು. ಅಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು ಎಂದು ಯಾವ ಪುಣ್ಯಾತ್ಮನಿಗೆ ಅನಿಸಿತೋ, ಅವನನ್ನೇ ಒಂದು ವಾರ ಅಲ್ಲಿ ಮಲಗಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮಗೆ ಕೆಲಸದವರಿಲ್ಲ. ಹದಿಮೂರು ವರ್ಷ ಅದರಲ್ಲಿ ಸೂಟ್‌ಕೇಸುಗಳು, ಊರಿಗೆ ಸಾಮಾನು ಕಳಿಸಲೆಂದು ಕೂಡಿಟ್ಟ ಖಾಲಿ ಕಾರ್ಟನ್‌ಗಳು, ಒಂದು ಕೆಟ್ಟ ಫ್ಯಾನು ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಬಟ್ಟೆ ಒಗೆಯುವ ಮೆಷಿನ್ ಮಾತ್ರ ಬಚ್ಚಲಿನಲ್ಲಿ, ಒಗೆದ ಬಟ್ಟೆ ಸೋಫಾದ ಬೆನ್ನ ಮೇಲೆ. ಬಾಲ್ಕನಿಯಲ್ಲಿ ಹಾಕಿದರೆ ಬಿಲ್ಡಿಂಗಿನ ಕಾವಲುಗಾರ ಜಗಳಕ್ಕೆ ಬರುತ್ತಾನೆ. ಅವನು ಸುಮ್ಮನಿದ್ದರೂ ಧೂಳು ಸುಮ್ಮನಿರುವುದಿಲ್ಲ.

ಆ ಕೋಣೆಯನ್ನು ಲಾಂಡ್ರಿ ರೂಮ್ ಮಾಡಬೇಕೆಂದು ನಾನು ಹಟ ಹಿಡಿದದ್ದು ಸೋಫಾ ಉಳಿಸಲು ಅಂತ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ಹೇಳುತ್ತಿದ್ದೆ. ನಿಜವಾದ ಕಾರಣ ನನ್ನ ಗಂಡನ ಕವರಾಲ್.

ಅವರದು ಮೀನಾ ಅಬ್ದುಲ್ಲಾದಲ್ಲಿ ಕೆಲಸ. ರಿಫೈನರಿಯಲ್ಲಿ ಪಂಪು ರಿಪೇರಿ ಮಾಡುವ ಗುತ್ತಿಗೆ ಕಂಪನಿಯೊಂದರ ಸೂಪರ್‌ವೈಸರ್. ಹೆಸರಿಗೆ ಸೂಪರ್‌ವೈಸರ್, ಕೈ ಹಾಕದೆ ಇರಲು ಅವರಿಂದ ಆಗುವುದಿಲ್ಲ. ಹಿಂದೆಲ್ಲ ಕುತ್ತಿಗೆಯಿಂದ ಕಾಲಿನವರೆಗಿನ ಆ ನೀಲಿ ಕವರಾಲ್‌ನಲ್ಲೇ ಮನೆಗೆ ಬರುತ್ತಿದ್ದರು. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಎತ್ತಿಕೊಳ್ಳಲು ಕೈ ಚಾಚಿದರೆ, ಅವಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ಇವರು ನಕ್ಕರು. ಮರುದಿನದಿಂದ ಸೈಟಿನಲ್ಲೇ ಮಿಂದು, ಇಸ್ತ್ರಿ ಮಾಡಿದ ಪ್ಯಾಂಟು ಶರಟು ಹಾಕಿಕೊಂಡು ಬರತೊಡಗಿದರು. ಕವರಾಲ್ ಅಲ್ಲಿಯೇ ಹತ್ತಿರದ ಲಾಂಡ್ರಿ ಅಂಗಡಿಗೆ ಹೋಗುತ್ತಿತ್ತು. ಮಗಳು ಆ ಸಂಗತಿಯನ್ನು ಅಂದೇ ಮರೆತಳು. ಇವರು ಏಳು ವರ್ಷ ಮರೆಯಲಿಲ್ಲ.

ನಾನು ಭದ್ರಾವತಿಯವಳು. ಅವರು ಕಾರ್ಕಳದ ಕಡೆಯ ಕೊಂಕಣಿಯವರು, ಹಾಗಾಗಿ ಮನೆಯಲ್ಲಿ ಇಬ್ಬರಿಗೂ ಸಲ್ಲುವ ಮಾತು ಕನ್ನಡ. ನನ್ನಪ್ಪ ಕಾರ್ಖಾನೆಯ ಖಾಕಿಯಲ್ಲಿ, ಕಿವಿಯವರೆಗೂ ಮಸಿ ಮೆತ್ತಿಕೊಂಡು ಸೈಕಲ್ಲಿನಿಂದ ಇಳಿಯುತ್ತಿದ್ದುದನ್ನು ನೋಡಿಯೇ ನಾವು ಬೆಳೆದದ್ದು. ಅಪ್ಪ ಏನು ಕೆಲಸ ಮಾಡುತ್ತಾರೆಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಮಗಳೋ, ಅಪ್ಪನ ಕೆಲಸ ಏನೆಂದು ಕೇಳಿದರೆ "ಆಫೀಸ್" ಅನ್ನುತ್ತಾಳೆ. ಅದರಿಂದ ನನಗೆ ಸಂಕಟವಾಗುತ್ತಿತ್ತು. ಮನುಷ್ಯ ತನ್ನ ದುಡಿಮೆಯ ಬಟ್ಟೆಯನ್ನು ತನ್ನ ಮನೆಯಿಂದಲೇ ಬಚ್ಚಿಡುವುದೆಂದರೇನು?

ಫೆಬ್ರವರಿಯಲ್ಲಿ ಕಾರ್ಟನ್‌ಗಳನ್ನು ಹೊರಗೆ ಹಾಕಿದೆ. ಟೇಪು ಹಿಡಿದು ಅಳೆದು, ಮಗಳ ಗಣಿತದ ಚೌಕುಳಿ ಪುಸ್ತಕದಲ್ಲಿ ನಕ್ಷೆ ಬರೆದೆ. ನನ್ನ ನಿಯಮ ಒಂದೇ: ಬಟ್ಟೆ ಮುಂದಕ್ಕೆ ಹೋಗಬೇಕು, ಹಿಂದೆ ಬರಬಾರದು. ಅಡುಗೆಮನೆಗೆ ಸರ್ವಿಸ್ ಮೆಟ್ಟಿಲಿನಿಂದ ಒಂದು ಹಿಂಬಾಗಿಲಿದೆ. ಅಲ್ಲಿಂದ ಎರಡೇ ಹೆಜ್ಜೆಗೆ ಕೋಣೆ. ಒಳಗೆ ಕಾಲಿಟ್ಟೊಡನೆ ಕೊಳೆ ಬಟ್ಟೆಯ ಗೂಟ, ಅದರ ಕೆಳಗೆ ನೆನೆಹಾಕುವ ಟಬ್ಬು, ಪಕ್ಕದಲ್ಲಿ ಗ್ರೀಸಿನ ಬಟ್ಟೆಗೆಂದೇ ಒಂದು ಹಳೆಯ ಸೆಮಿ-ಆಟೊಮ್ಯಾಟಿಕ್. ಅದನ್ನು ಖಾಯಂ ಆಗಿ ಊರಿಗೆ ಹೊರಟಿದ್ದ ಸಂಸಾರವೊಂದರಿಂದ ತಂದೆವು. ಆಮೇಲೆ ಉಳಿದ ಬಟ್ಟೆಯ ಆಟೊಮ್ಯಾಟಿಕ್, ಅದರ ಮೇಲೆ ನನ್ನ ಸೊಂಟದೆತ್ತರಕ್ಕೆ ಮಡಚುವ ಹಲಗೆ, ಮೇಲೆ ಒಣಹಾಕಲು ನಾಲ್ಕು ಸ್ಟೀಲ್ ಸರಳು, ಗೋಡೆಗೆ ಎಕ್ಸಾಸ್ಟ್ ಫ್ಯಾನು. ಯಾರ ಕಣ್ಣಿಗೂ ಬೀಳದೆ ಬಂದು, ಕವರಾಲ್ ಕಳಚಿ, ಬೇರೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಬಹುದು. ಅದೇ ನನ್ನ ನಕ್ಷೆಯ ಗುಟ್ಟು.

ಗಂಡ ಪುಸ್ತಕವನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಎಲ್ಲ ಲಾಯ್ಕ್ ಉಂಟು ಮಾರಾಯ್ತಿ. ಬಾಗಿಲು ಎಲ್ಲಿಗೆ ತೆರೆಯುದು?"

ಬಾಗಿಲು ಒಳಗೆ ತೆರೆದರೆ ನೇರ ಟಬ್ಬಿಗೆ ಬಡಿಯುತ್ತಿತ್ತು. ಅವರ ಎದುರು ಒಪ್ಪಿಕೊಳ್ಳಲು ಮನಸ್ಸಾಗದೆ, ಬಾಗಿಲನ್ನೇ ಕಳಚಿಸಿ ಪರದೆ ಹಾಕುವುದು ಮೊದಲಿಂದಲೂ ನನ್ನ ಯೋಚನೆ ಎಂದೆ. ನಂಬಿದಂತೆ ತಲೆ ಆಡಿಸಿದರು.

ಮಾರ್ಚ್ ಹೊತ್ತಿಗೆ ಕೋಣೆ ತಯಾರಾಯಿತು. ದಿನಕ್ಕೆ ನಾಲ್ಕು ಸಲ ಸುಮ್ಮನೆ ಹೋಗಿ ನೋಡಿ ಬರುವಷ್ಟು ನನಗೆ ಅದರ ಮೇಲೆ ಪ್ರೀತಿ. ಆದರೆ ಗೂಟ ಖಾಲಿ. ನಾಳೆ ತರುತ್ತೇನೆ ಎನ್ನುವರು, ಮರೆತೆ ಎನ್ನುವರು. ಕೊನೆಗೆ ಒಂದು ದಿನ ಜೋರು ಮಾಡಿ ಕೇಳಿದೆ.

"ಈ ತಣ್ಣೀರಲ್ಲಿ ಗ್ರೀಸ್ ಹೋಗುದಿಲ್ಲ ಅದು. ಸುಮ್ಮನೆ ನಿನಗೆ ಯಾಕೆ ಕಷ್ಟ?" ಎಂದರು.

ಗ್ರೀಸ್ ಬರೀ ನೆಪ ಎಂದು ನನಗೆ ಗೊತ್ತು. ಆದರೂ ತಣ್ಣೀರಿನ ಮಾತು ಸುಳ್ಳಲ್ಲ. ಎರಡು ತಿಂಗಳು ಆ ಹಳೆಯ ಮೆಷಿನ್ ಮೇಲೆ ಈರುಳ್ಳಿ ಬುಟ್ಟಿ ಕೂತಿತ್ತು.

ಜೂನ್ ಬಂತು. ಒಂದು ಗುರುವಾರ ಆಟೊಮ್ಯಾಟಿಕ್ ತೆರೆದರೆ, ಶುಕ್ರವಾರದ ಪೂಜೆಗೆಂದು ಇಟ್ಟಿದ್ದ ಅವರ ಬಿಳಿ ಶರಟು ಮದುವಣಗಿತ್ತಿಯ ಕೆನ್ನೆಯ ಬಣ್ಣಕ್ಕೆ ತಿರುಗಿದೆ! ಮಗಳ ಕೆಂಪು ಟೀ ಶರಟಿನ ಕೆಲಸ. ಎಷ್ಟೋ ಸಲ ಒಟ್ಟಿಗೆ ಒಗೆದ ಬಟ್ಟೆಗಳು ಅವು, ಎಂದೂ ಬಣ್ಣ ಬಿಟ್ಟಿರಲಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿ ಕೈಯೊಡ್ಡಿದೆ. ಸುಟ್ಟಿತು.

ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಅದಕ್ಕೇ ನಾವೆಲ್ಲ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಮೀಯುತ್ತೇವೆ. ಹದಿಮೂರು ಬೇಸಿಗೆ ಹಾಗೆ ಮಿಂದವಳು ನಾನು. ಬಚ್ಚಲಿನಲ್ಲಿದ್ದಾಗ ಮೆಷಿನ್ನಿಗೂ ಅದೇ ಗೀಸರಿನ ನೀರು ಸಿಗುತ್ತಿತ್ತು. ಹೊಸ ಕೋಣೆಯ ನಕ್ಷೆಯಲ್ಲಿ ಮಾತ್ರ ಚಳಿಗಾಲದ ಬುದ್ಧಿ ಓಡಿಸಿ ಎರಡೂ ಮೆಷಿನ್ನಿಗೆ ಟ್ಯಾಂಕಿನ ಲೈನ್ ಕೊಡಿಸಿದ್ದೆ. ಎಂಥ ದಡ್ಡಿ!

ಸಂಜೆ ಶರಟನ್ನು ತೋರಿಸಿ ನಾನೇ ತಪ್ಪೊಪ್ಪಿಕೊಂಡೆ. ಗಂಡ ನಲ್ಲಿಗೆ ಬೆರಳಿಟ್ಟು, ಸರಕ್ಕನೆ ಹಿಂದಕ್ಕೆಳೆದು, ಹೊಟ್ಟೆ ತುಂಬ ನಕ್ಕರು.

"ಅಬ್ಬ! ಈ ನೀರಿಗೆ ಗ್ರೀಸ್ ಎಂತ, ಕ್ರೂಡ್ ಆಯಿಲ್ ಸಹ ಓಡಿ ಹೋದೀತು!"

ಅಂದ ಮೇಲೆ, ತಮ್ಮ ನೆಪವೂ ಜೊತೆಗೇ ಓಡಿಹೋಯಿತೆಂದು ಅವರಿಗೇ ಗೊತ್ತಾಯಿತು. ನಗು ಅರ್ಧಕ್ಕೆ ನಿಂತಿತು. ನಾನು ಬಿಡುತ್ತೇನೆಯೇ?

"ಹಂಗಾದ್ರೆ ಇನ್ಮೇಲೆ ಕವರಾಲ್ ಮನೆಗೇ ಬರ್ಲಿ," ಎಂದೆ.

ಶನಿವಾರ ಪ್ಲಂಬರ್ ಬಂದು, "ಗೀಸರ್ ಬಂದ್ ಕರೋ ಮೇಡಂ, ಉಸ್ಕಾ ಲೈನ್ ಇಸ್ಕೋ ದೇತಾ ಹೂಂ. ಖಲಾಸ್" ಎಂದು ಆಟೊಮ್ಯಾಟಿಕ್‌ಗೆ ಗೀಸರಿನ ಲೈನನ್ನೂ ಸೇರಿಸಿ, ಎರಡು ನಲ್ಲಿ ಇಟ್ಟುಕೊಟ್ಟ. ಬೇಸಿಗೆಗೊಂದು, ಚಳಿಗಾಲಕ್ಕೊಂದು. ಹಳೆಯ ಮೆಷಿನ್ನಿಗೆ ಸುಡುವ ನೀರು ಹಾಗೇ ಉಳಿಯಿತು. ಈರುಳ್ಳಿ ಬುಟ್ಟಿಯನ್ನು ಎತ್ತಿಟ್ಟೆ.

ಭಾನುವಾರ ಸಂಜೆ ಹಿಂಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ನನ್ನ ಕೈಯಲ್ಲಿ ಚಪಾತಿ ಹಿಟ್ಟು. ನೀರು ಕುಡಿಯಲು ಬಂದಿದ್ದ ಮಗಳು ನನಗಿಂತ ಮೊದಲೇ ಹೋಗಿ ತೆರೆದುಬಿಟ್ಟಳು. ಮಗಳು ಎದುರಾಗುವುದು ನನ್ನ ನಕ್ಷೆಯಲ್ಲಿರಲಿಲ್ಲ. ಇಷ್ಟು ಹಿಂಜರಿದವರು, ಕವರಾಲ್ ತಂದರೂ ಮೊದಮೊದಲು ಚೀಲದಲ್ಲೇ ತರುತ್ತಾರೆ ಎಂದುಕೊಂಡಿದ್ದೆ. ಇವರು ಹಾಕಿಕೊಂಡೇ ಬಂದಿದ್ದರು. ಎದೆಯಿಂದ ಮೊಣಕಾಲಿನವರೆಗೆ ಗ್ರೀಸ್, ಕೈಯಲ್ಲಿ ಬೂಟು.

"ಆಚೆ ಹೋಗು ಮಗಾ, ವಾಸನೆ ಉಂಟು," ಎಂದು ಬಾಗಿಲ ಹೊರಗೇ ನಿಂತರು.

ಮಗಳು ಜರುಗಲಿಲ್ಲ. ಮೇಲಿಂದ ಕೆಳಗೆ ನೋಡಿದಳು. ತೋಳಿನ ಮೇಲಿನ ಬೆಳ್ಳಿ ಬಣ್ಣದ ಪಟ್ಟಿ ಮುಟ್ಟಿದಳು.

"ಪಪ್ಪಾ, ಡಸ್ ಇಟ್ ಗ್ಲೋ?"

ಉತ್ತರಕ್ಕೂ ಕಾಯದೆ ಅವರ ಕೈ ಹಿಡಿದು ಒಳಗೆಳೆದು, ಅಡುಗೆಮನೆಯ ಲೈಟ್ ಆರಿಸಿ, ಫೋನಿನ ಟಾರ್ಚ್ ಬಿಟ್ಟಳು. ಮಬ್ಬಿನಲ್ಲಿ ತೋಳು, ಸೊಂಟ, ಕಾಲಿನ ಪಟ್ಟಿಗಳು ಝಗ್ಗನೆ ಹೊಳೆದವು. "ಟರ್ನ್, ಟರ್ನ್!" ಎಂದು ತಿರುಗಿಸಿದಳು. ಐವತ್ತರ ಹತ್ತಿರದ ಮನುಷ್ಯ, ಬೂಟು ಕೈಯಲ್ಲಿ ಹಿಡಿದೇ, ಹೇಳಿದಂತೆ ಸುತ್ತು ತಿರುಗಿದರು. ಅದು ಹೇಗೆ ಹೊಳೆಯುತ್ತದೆ, ಯಾಕೆ ಬೇಕು, ಕೈಗೆ ಏನು ಮೆತ್ತಿದೆ, ಪಂಪು ಎಷ್ಟು ದೊಡ್ಡದು, ಒಳಗೆ ಹೋದರೆ ಹೆದರಿಕೆಯಾಗುವುದಿಲ್ಲವೇ, ಅವಳ ಪ್ರಶ್ನೆ ಮುಗಿಯಲಿಲ್ಲ. ಅವಳು ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ. ನಾನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಅರ್ಧ ಗಂಟೆಯ ಮೇಲೆ ಇವರಿಗೆ ನೆನಪಾಯಿತು.

"ಮೆಷಿನ್‌ಗೆ ನೀರು ಬಿಡುದಾ?"

"ಏನ್ ಅವಸರ? ಮೊದ್ಲು ಕೂತ್ಕೊಂಡು ಚಾ ಕುಡೀರಿ," ಎಂದೆ. ಅಡುಗೆಮನೆಯ ಬಿಳಿ ಕುರ್ಚಿಯನ್ನು ನೋಡಿ ಒಂದು ಕ್ಷಣ ಹಿಂದೆ ಮುಂದೆ ನೋಡಿದರು. ಮಗಳು ಅದನ್ನು ಅವರ ಕಡೆಗೆ ಎಳೆದಳು. ಕೂತರು.