ಕುಂಟುವ ಹಕ್ಕಿಯ ಫೋಟೊ

ಆ ಭಾನುವಾರ ಬೆಳಿಗ್ಗೆ ಕಮಲಾಪುರದ ಹತ್ತಿರದ ಕೆರೆಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಕೆರೆ ಏರಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ನಾನು ಕ್ಯಾಮೆರಾ ಹಿಡಿದು ಕರಿಮಣ್ಣಿನ ರಾಡಿಯಲ್ಲಿ ಬೋರಲು ಬಿದ್ದು ತೆವಳುತ್ತಿದ್ದೆ. ನೀರಿನ ಅಂಚಿನಲ್ಲಿ ಗುಬ್ಬಿಗಿಂತ ತುಸು ದೊಡ್ಡದಾದ, ಕೊರಳಿಗೆ ಕಪ್ಪು ಪಟ್ಟಿ ಇದ್ದ ಹಕ್ಕಿಯೊಂದು ಓಡಾಡುತ್ತಿತ್ತು. ನಾನು ಹತ್ತಿರವಾದದ್ದೇ ತಡ, ಅದು ರೆಕ್ಕೆ ಮುರಿದಂತೆ ಒಂದು ಕಡೆ ವಾಲಿ ಕುಂಟತೊಡಗಿತು. ಅಯ್ಯೋ ಪಾಪ ಅನ್ನುತ್ತಲೇ ಫೋಟೊ ತೆಗೆಯುತ್ತ ಅದರ ಬೆನ್ನು ಹತ್ತಿದೆ. ಕೆರೆಯ ಆ ತುದಿಗೆ ನನ್ನನ್ನು ಒಯ್ದು ಬಿಟ್ಟು, ಅದು ಭರ್ರನೆ ಹಾರಿ ಮೊದಲಿನ ಜಾಗಕ್ಕೇ ಹೋಯಿತು. ಅಲ್ಲಿ ಅದರ ಮೊಟ್ಟೆಗಳಿದ್ದವು. ನನ್ನನ್ನು ಸಾಗಹಾಕಲು ಅಂಗೈಯಗಲದ ಹಕ್ಕಿ ನಾಟಕ ಆಡಿತ್ತು! ಏರಿಯ ಮೇಲೆ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಕಲಬುರಗಿಯ ಮನೆಗೆ ಬಂದು ಸ್ನಾನ ಮುಗಿಸಿದ್ದೆ ಅಷ್ಟೇ, "ಸಂಜೀಕ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗೋಣ್ರೀ, ಸೀರಿ ತರೋದದ," ಎಂದಳು. ಅವಳು ಸೀರೆ ಆರಿಸುವಾಗ ಅಂಗಡಿಯವನೇ ಬೆವರುತ್ತಾನೆ. ನಾನು ಸೊಂಟ ಹಿಡಿದುಕೊಂಡು, ಒಂದು ಕಾಲು ಎಳೆಯುತ್ತ, ನರಳುತ್ತ ಮಂಚದ ಕಡೆ ನಡೆದೆ.

ಅವಳು ಗೂಟದಲ್ಲಿದ್ದ ನನ್ನ ಅಂಗಿ ತೆಗೆದು ಮಂಚದ ಮೇಲೆ ಎಸೆದಳು.

"ಆ ಹಕ್ಕಿ ನಿಮಗಿಂತ ಚಲೋ ಕುಂಟಿತ್ತು. ನಡೀರಿ, ಅಂಗಿ ಹಾಕ್ಕೋರಿ."