ಕಾರ್ಕಳದ ಕಲ್ಲಿಗೆ ಕಣ್ಣು ತೆರೆದ ದಿನ

ಬನ್ನಂಜೆಯಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಕಾಪುವಿಗೆ ಎಂಟು ಮೈಲು, ಟಿಕೆಟ್ಟು ಐವತ್ತು ಪೈಸೆ, ಉದ್ದಕ್ಕೂ ನಿಂತೇ ಪ್ರಯಾಣ. ಮಾರ್ಚ್ ತಿಂಗಳ ಸೆಕೆ. ಉದ್ಯಾವರದ ಸೇತುವೆ ದಾಟುವಾಗಲೇ ಅಂಗಿ ಬೆನ್ನಿಗೆ ಅಂಟಿತ್ತು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಪರದೇಶದ ಸರಕಾರವೊಂದರ ದುಭಾಷಿಯಾಗುವ ಯೋಗ ಬಂದಿತ್ತು. ಜಂಬ ಇರಲಿಲ್ಲವೆಂದರೆ ಸುಳ್ಳಾದೀತು.

ಸಂಗತಿ ಇಷ್ಟು. ಯುರೋಪಿನ ಮೂಲೆಯಲ್ಲೊಂದು ಗುಡ್ಡಗಾಡಿನ ಕಮ್ಯುನಿಸ್ಟ್ ದೇಶ, ಹೆಸರು ಬರೆಯುವುದಿಲ್ಲ. ನೆರೆಹೊರೆಯವರೊಂದಿಗೆಲ್ಲ ಮುನಿಸಿಕೊಂಡು, ಕೊನೆಗೆ ರಷ್ಯದವರೊಂದಿಗೂ ಮಾತು ಬಿಟ್ಟು, ಬಾಗಿಲು ಹಾಕಿಕೊಂಡು ಕುಳಿತಿತ್ತು. ಅಂಥವರಿಗೂ ಗೆಳೆಯರು ಬೇಕಲ್ಲ! ಆಫ್ರಿಕದ ಮೊಜಾಂಬಿಕ್‌ನಲ್ಲಿ ಪೋರ್ಚುಗೀಸರ ವಿರುದ್ಧ ಹೋರಾಡುತ್ತಿದ್ದವರೊಂದಿಗೆ ಅದು ನಂಟು ಬೆಳೆಸಿತ್ತು. ದಾರ್ ಎಸ್ ಸಲಾಮ್‌ನಲ್ಲಿದ್ದ ಹೋರಾಟಗಾರರ ಕಚೇರಿಯ ಅಂಗಳಕ್ಕೆ, ಕಾಳಗದಲ್ಲಿ ಮಡಿದ ಒಬ್ಬ ವೀರನ ಕಲ್ಲಿನ ವಿಗ್ರಹವನ್ನು ಕಾಣಿಕೆ ಕೊಡುವುದಾಗಿ ಮಾತು ಕೊಟ್ಟಿತ್ತು. ಮಂಗಳೂರಿನ ಹೆಂಚು ಹೊತ್ತ ಹಡಗುಗಳು ಹೇಗೂ ಆ ಬಂದರಿಗೆ ಹೋಗುತ್ತವೆ. ಹಾಗಾಗಿ ಕೆಲಸ ಕಾರ್ಕಳದ ಶಿಲ್ಪಿ ವಾಸು ಆಚಾರ್ರ ಕೈಗೆ ಬಂತು.

ಆಚಾರ್ರಿಗೆ ಬರುವ ಇಂಗ್ಲಿಷ್ ಪತ್ರಗಳನ್ನು ಓದಿ ಹೇಳುವವನು ನಾನು. ಪೀಠದಲ್ಲಿ ಕೆತ್ತಬೇಕಾದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟವನೂ ನಾನೇ. ಕಲ್ಲಿನ ಮೇಲೆ ತಪ್ಪಿದರೆ ಅಳಿಸುವಂತಿಲ್ಲವೆಂದು ಮೂರು ಸಲ ಬರೆದು, ಚೆಂದದ್ದನ್ನು ಆರಿಸಿದ್ದೆ. ಉಳಿದ ತೊಡಕು ಒಂದೇ. ಕಳಿಸಿದ್ದ ಫೋಟೋದಲ್ಲಿ ಪಕ್ಕದ ಮುಖ ಮಾತ್ರ ಇತ್ತು, ಕಣ್ಣಿನ ಮೇಲೆ ಟೋಪಿಯ ನೆರಳು. ಕಣ್ಣು ತೆರೆಯುವುದು ಶಿಲ್ಪಿಗೆ ಕಟ್ಟಕಡೆಯ ಕೆಲಸ. ಊಹೆಯಲ್ಲಿ ಮಾಡಲು ಆಚಾರ್ರು ಒಪ್ಪಲಿಲ್ಲ. "ಆ ಊರಿನವರು ಯಾರಾದರೂ ಇದ್ದರೆ ಒಮ್ಮೆ ತೋರಿಸಿ ಮಾಸ್ಟ್ರೇ" ಎಂದರು. ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಒಬ್ಬ ಮೊಜಾಂಬಿಕ್ ಯುವಕನನ್ನು ಪತ್ತೆ ಮಾಡಿ, ನಿಮ್ಮ ದೇಶದ ವೀರನೊಬ್ಬನ ವಿಗ್ರಹವೆಂದಷ್ಟೇ ಅವನಿಗೆ ಹೇಳಿ, ಕಾಣಿಕೆ ಕೊಡುವ ದೇಶದ ದೂತರಿಗೆ ಪತ್ರ ಬರೆದೆ. ಅವರು ದಿಲ್ಲಿಯಿಂದ ಹೊರಟೇ ಬಂದರು.

ತಾವು ಇಳಿದುಕೊಂಡಿದ್ದ ಕಾಪುವಿನ ಬಂಗಲೆಯ ಜಗಲಿಯಲ್ಲಿ ದೂತರು ದೀಪಸ್ತಂಭದ ಚಿತ್ರ ತೆಗೆಯುತ್ತಿದ್ದರು. ಎತ್ತರದ ಆಳು, ನರೆತ ಕೂದಲು, ಆ ಸೆಕೆಯಲ್ಲೂ ಉಣ್ಣೆಯ ಕೋಟು. ಐದು ನೀರುದೋಸೆ ತಿಂದು, ತಮ್ಮ ತಾಯಿಯೂ ಇಂಥದೇ ಏನೋ ಮಾಡುತ್ತಿದ್ದಳೆಂದು ಇಂಗ್ಲಿಷಿನಲ್ಲಿ ಹೇಳಿದರು. ಮನುಷ್ಯ ನನಗೆ ಹಿಡಿಸಿದರು. ಅದನ್ನು ಇಲ್ಲಿ ಬರೆಯಲೇಬೇಕು.

ಬಾಡಿಗೆ ಕಾರಿನಲ್ಲಿ ಉಡುಪಿ ದಾಟಿ ಮಣಿಪಾಲದ ಗುಡ್ಡ ಹತ್ತಿದೆವು. ಹಾಸ್ಟೆಲಿನ ಬಾಗಿಲಲ್ಲಿ ಆ ಯುವಕ, ಜುವಾಂವ್, ಕಾಯುತ್ತಿದ್ದ. "ನಮಸ್ಕಾರ ಮಾಸ್ಟ್ರೇ, ತಿಂಡಿ ಆಯ್ತಾ? ಹೇಗುಂಟು?" ಎಂದ. ಅಡುಗೆಯವರಿಂದ ಕಲಿತ ಕನ್ನಡವಂತೆ. ಅಲ್ಲಿಗೆ ಅದು ಮುಗಿಯಿತು, ಮುಂದಿನದೆಲ್ಲ ಇಂಗ್ಲಿಷಿನಲ್ಲಿ.

ಪರ್ಕಳ ದಾಟುವಾಗ ಅವನು ಅಣ್ಣನ ಸುದ್ದಿ ತೆಗೆದ. ಅಣ್ಣ ಹೋರಾಟಗಾರರ ಜೊತೆ ಕಾಡಿನಲ್ಲಿದ್ದಾನೆ. "ನೀನು ಓದು, ಗಾಯ ಹೊಲಿಯುವವನೂ ಬೇಕು" ಎಂದು ಇವನನ್ನು ಕಳಿಸಿದವನು ಅವನೇ. ತಿಂಗಳಿಗೊಂದು ಪತ್ರ ಬರುತ್ತಿತ್ತು. ಎಂಟು ತಿಂಗಳಿಂದ ಇಲ್ಲ. ಅಣ್ಣನಿಗೆ ಬರೆದ ಪತ್ರ ಜೇಬಿನಲ್ಲಿತ್ತು, ದೂತರಿಗೆ ಕೊಡಲು ಸಂಕೋಚ.

"ಕೊಡಪ್ಪಾ, ಸರಕಾರದ ಮನುಷ್ಯ, ಮುಟ್ಟಿಸದೆ ಇರುತ್ತಾರೆಯೇ?" ಎಂದು ನಾನೇ ಒತ್ತಾಯಿಸಿ ಇಸಿದುಕೊಂಡೆ. ಲಕೋಟೆಯ ಮೇಲಿನ ಬರವಣಿಗೆ ನೋಡಿ, ಮೇಷ್ಟ್ರ ಚಾಳಿ ಎಲ್ಲಿಗೆ ಹೋಗುತ್ತದೆ, "ಅಕ್ಷರ ದುಂಡಗಿದೆ" ಎಂದು ಹೊಗಳಿ ಮುಂದಿನ ಸೀಟಿಗೆ ದಾಟಿಸಿದೆ. ದೂತರು ಅದನ್ನು ತುಸು ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಕೋಟಿನ ಒಳಜೇಬಿಗೆ ಸೇರಿಸಿ, ಇಲ್ಲಿನ ತೆಂಗಿನ ಮರ ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತದೆ ಎಂದು ಕೇಳಿದರು. ಹಿರಿಯಡ್ಕದಲ್ಲಿ ಎಳನೀರು ಕುಡಿದೆವು. ಜುವಾಂವ್ ಹಟ ಮಾಡಿ ತಾನೇ ದುಡ್ಡು ಕೊಟ್ಟ.

ಕಾರ್ಕಳ ತಲುಪುವಾಗ ಹನ್ನೊಂದೂವರೆ. ಆಚಾರ್ರ ಚಪ್ಪರದೊಳಗೆ ಕಲ್ಲಿನ ಧೂಳು, ಉಳಿಯ ಸದ್ದು. ದೂತರು ಬಾಗಿಲಲ್ಲೇ ನಿಂತು, "ಮೊದಲು ಅವನು ಹೋಗಲಿ" ಎಂದರು. ಆಚಾರ್ರು ಒದ್ದೆ ಗೋಣಿ ಸರಿಸಿದರು.

ಆಳೆತ್ತರದ ಕರಿಕಲ್ಲಿನ ಸೈನಿಕ. ಕಣ್ಣಿನ ಜಾಗ ಮಾತ್ರ ಬರಿದು, ನುಣುಪು. ಜುವಾಂವ್ ನಗುನಗುತ್ತಲೇ ಹತ್ತಿರ ಹೋದ. ವಿಗ್ರಹದ ಎಡಕಿವಿಯ ತುದಿ ಹರಿದಿತ್ತು, ಫೋಟೋದಲ್ಲಿದ್ದಂತೆಯೇ ಕೆತ್ತಿದ್ದರು. ಅವನು ಆ ಕಿವಿಯನ್ನು ಮುಟ್ಟಿದ. ಬಗ್ಗಿ ಪೀಠದ ಮೇಲಿನ ಹೆಸರು ಓದಿದ. ನನ್ನ ಹಿಂದೆ ಕ್ಯಾಮರಾ ಕ್ಲಿಕ್ ಎಂದಿತು.

"ನನ್ನ ಅಣ್ಣ" ಎಂದ.

ಆಚಾರ್ರು ನನ್ನ ಮುಖ ನೋಡಿದರು. "ಎಂತ ಮಾಸ್ಟ್ರೇ? ಎಂತ ಹೇಳಿದ?"

"ಒಡಹುಟ್ಟಿದ ಅಣ್ಣನಂತೆ. ಸತ್ತದ್ದು ಇವನಿಗೆ ಗೊತ್ತಿರಲಿಲ್ಲ."

"ಅಯ್ಯೋ ದೇವರೇ! ಮನೆಯವರಿಗೆ ಹೇಳದೆ ಕಲ್ಲು ಮಾಡಿಸುದಾ? ಇದೆಂತ ಜನ ಮಾರಾಯ್ರೆ!" ಆಚಾರ್ರು ಉಳಿ ಬಿಸುಟು ಗೋಣಿಯನ್ನು ಮತ್ತೆ ವಿಗ್ರಹಕ್ಕೆ ಹೊದಿಸಿದರು. "ನಾನು ಇವತ್ತು ಕಣ್ಣು ತೆರೆಯುದಿಲ್ಲ. ಹೇಳಿ ಅವರಿಗೆ."

ಹೇಳಿದೆ. ಹಡಗು ಶನಿವಾರ ಹೊರಡುತ್ತದೆ ಎಂದರು ದೂತರು. ಅಷ್ಟೇ.

ಜುವಾಂವ್ ಕಲ್ಲಿನ ಚೂರುಗಳ ರಾಶಿಯ ಮೇಲೆ ಕುಳಿತುಬಿಟ್ಟ. ಆಚಾರ್ರ ಹೆಂಡತಿ ತಂದ ನೀರು ಕುಡಿಯಲಿಲ್ಲ, ಕೈಯಲ್ಲಿ ಹಿಡಿದೇ ಇದ್ದ. ಬಹಳ ಹೊತ್ತಿನ ಮೇಲೆ ಎದ್ದು ಬಂದು, "ಕಣ್ಣಿಲ್ಲದೆ ಕಳಿಸಬೇಡಿ. ಅವನ ಕಣ್ಣು ನನ್ನ ಹಾಗೆಯೇ ಎಂದು ಅಮ್ಮ ಹೇಳುತ್ತಿದ್ದಳು" ಎಂದು ಆಚಾರ್ರ ಎದುರಿನ ಮಣೆಯ ಮೇಲೆ ಕುಳಿತ.

ಆಚಾರ್ರು ಕೈಮುಗಿದು ಉಳಿ ಎತ್ತಿಕೊಂಡರು. ಅವನ ಮುಖ ನೋಡುವುದು, ಒಂದು ಏಟು, ಮತ್ತೆ ನೋಡುವುದು. ಎರಡನೆಯ ಕಣ್ಣಿಗೆ ಬರುವಾಗ ಅವನಿಗೆ ತಡೆಯಲಾಗಲಿಲ್ಲ.

"ಅಳಬೇಡ ಮಗಾ" ಎಂದರು ಆಚಾರ್ರು, ತಮ್ಮ ಕಣ್ಣನ್ನು ತೋಳಿಗೆ ಒರೆಸಿಕೊಂಡು. "ನೀರು ತುಂಬಿದರೆ ನನಗೆ ಗೆರೆ ಕಾಣುದಿಲ್ಲ."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಂಥ ಮಾತನ್ನು ಆಡಬೇಕಾಗಿ ಬಂದದ್ದಕ್ಕೆ ನನ್ನ ನಾಲಗೆಯ ಮೇಲೆಯೇ ಹೇಸಿಗೆಯಾಯಿತು.

ಮರಳುವಾಗ ಬೈಲೂರು, ಹಿರಿಯಡ್ಕ ಯಾವಾಗ ದಾಟಿದವೋ ಗೊತ್ತಿಲ್ಲ. ಮಣಿಪಾಲದಲ್ಲಿ ಇಳಿದ ಜುವಾಂವ್ ಕಾರಿನ ಕಿಟಕಿಗೆ ಬಂದು ಕೈ ಚಾಚಿದ. ದೂತರು ಲಕೋಟೆ ಕೊಟ್ಟರು. ಅವನು ಥ್ಯಾಂಕ್ಸ್ ಎಂದ.

ಆ ಒಂದು ಶಬ್ದಕ್ಕೆ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಗುಡ್ಡ ಇಳಿಯುತ್ತಿದ್ದಂತೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಲಕೋಟೆಯ ಮೇಲಿನ ಹೆಸರು ಓದಿದವರು ನೀವು. ಇಪ್ಪತ್ತು ಮೈಲು ಕಾಯಿ ಲೆಕ್ಕ ಕೇಳುತ್ತ ಹೇಗೆ ಕುಳಿತಿರಿ? ಕ್ಯಾಮರಾ ಬೇರೆ! ನೀವು ಮನುಷ್ಯರೇ?

ದೂತರಿಗೆ ಸಿಟ್ಟು ಬರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟರು. "ನನ್ನ ತಂದೆ ಸತ್ತದ್ದು ನನಗೆ ತಿಳಿದದ್ದು ಪಕ್ಷದ ಸಭೆಯಲ್ಲಿ, ವೇದಿಕೆಯ ಮೇಲಿನ ಪಟ ನೋಡಿ" ಎಂದರು. "ನಮ್ಮಲ್ಲಿ ಹಾಗೆಯೇ. ಕಾರಿನಲ್ಲಿ ನಾನು ಹೇಳಬೇಕೆಂದೇ ಇದ್ದೆ. ಆದರೆ ಪೀಠಕ್ಕೆ ಆ ಹೆಸರು ಬರೆದುಕೊಟ್ಟವರು ನೀವು. ಲಕೋಟೆಯನ್ನು ನನಗಿಂತ ಮೊದಲು ಓದಿದವರೂ ನೀವು. ಓದಿ, ನಗುತ್ತ, ಏನೂ ಹೇಳದೆ ನನ್ನ ಕೈಗೆ ಕೊಟ್ಟಿರಿ. ಇಲ್ಲಿಯೂ ಹೀಗೆಯೇ ಎಂದುಕೊಂಡೆ."

ಬನ್ನಂಜೆಯಲ್ಲಿ ಇಳಿದೆ. ಕಾರು ಕಾಪುವಿನ ಕಡೆ ಹೋಯಿತು. ಮನೆಗೆ ಬಂದವನೇ ಮೇಜಿನ ಖಾನೆ ಎಳೆದು ನೋಡಿದೆ. ಆರಿಸದೆ ಉಳಿದ ಎರಡು ಕಾಗದಗಳು ಅಲ್ಲೇ ಇದ್ದವು. ಎರಡರಲ್ಲೂ ಅದೇ ಹೆಸರು, ಪೂರ್ತಿ, ನನ್ನ ಕೈಯಿಂದಲೇ. ಅಕ್ಷರ ದುಂಡಗಿತ್ತು.