ಎರೆ ನೆಲದ ಅಡುಗೆ ಮೇಜು

೧೯೮೧ರ ಬೇಸಿಗೆ. ಕಾಲುವೆ ಸರ್ವೆ ತಂಡದಲ್ಲಿ ನಾನು ಓವರ್‌ಸಿಯರ್. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನು, ಯಾರ ಮಾತನ್ನೂ ಸುಮ್ಮನೆ ಒಪ್ಪುತ್ತಿರಲಿಲ್ಲ. ಅಜ್ಜಂಪುರದ ಹತ್ತಿರ ಕಪ್ಪು ಮಣ್ಣಿನ ಎರೆ ಹೊಲವೊಂದರ ಅಂಚಿನಲ್ಲಿ ನಮ್ಮ ಹದಿನಾಲ್ಕು ಜನರ ಕ್ಯಾಂಪ್.

ಅಡುಗೆಯವರು ಸಿಂಗಟಗೆರೆಯ ರುದ್ರಪ್ಪ. ಐವತ್ತು ದಾಟಿತ್ತು. ಮಂಡಿನೋವಿನಿಂದ ನೆಲದ ಒಲೆಯ ಮುಂದೆ ಕೂರಲಾಗದೆ ಕೆಲಸ ಬಿಡುವ ಮಾತಾಡುತ್ತಿದ್ದರು. ನಿಂತೇ ಬೇಯಿಸಲಿ ಎಂದು ನಾನು ಮೇಜೊಂದನ್ನು ತರಿಸಿದೆ, ಮೇಲೆ ಎರಡು ಪಂಪ್ ಸ್ಟೋವ್. ಒಳ್ಳೆಯದನ್ನೇ ಮಾಡಲು ಹೊರಟಿದ್ದೆ, ಅದು ನಿಜ.

ನೆಲ ಒಂದು ಕಡೆ ತಗ್ಗು. ಸ್ಪಿರಿಟ್ ಲೆವೆಲ್ ತಂದು ಮೇಜಿನ ಮೇಲಿಟ್ಟೆ. ಅದರ ಗಾಜಿನ ನಳಿಗೆಯ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ ಎಂದರ್ಥ. ಕಾಲುಗಳ ಕೆಳಗೆ ಮರದ ಬೆಣೆ ಕೊಟ್ಟು ನಡುವೆ ನಿಲ್ಲಿಸಿದೆ. ರುದ್ರಪ್ಪನವರಿಗೆ ಸಮಾಧಾನವಾಗಲಿಲ್ಲ.

"ಬೆಣೆ ಸಾಲ್ದು ಸಾಮಿ. ಎರಡೆರಡು ಕಾಲಿಗೆ ಒಂದೊಂದು ಅಗಲದ ಹಲಗೆ ಹಾಕ್ಸಿ. ಇದು ಎರೆ ನೆಲ. ಅನ್ನ ಬಸಿದ ನೀರು ಕುಡೀತು ಅಂದ್ರೆ ಬೆಣ್ಣೆ ಆಗೋಯ್ತದೆ."

"ಕಾಲುವೆಗೇ ಮಟ್ಟ ಹಿಡಿಯೋರು ನಾವು, ಒಂದು ಮೇಜಿಗೆ ಆಗಲ್ವಾ ರುದ್ರಣ್ಣ? ಗುಳ್ಳೆ ಎಲ್ಲಿದೆ ನೀವೇ ನೋಡಿ."

"ನಡುವ್ನಾಗೇ ಐತೆ. ಕೆಳಗಿನ ಮಣ್ಣಿನ ವಿಚಾರ ಗುಳ್ಳೆಗೇನು ಗೊತ್ತು?"

ಸುತ್ತಲಿದ್ದವರು ನಕ್ಕರು. ನನಗದನ್ನು ಸಹಿಸಲಾಗಲಿಲ್ಲ. ಮಳೆಯಿಲ್ಲ, ನೆಲ ಕಲ್ಲಿನಂತಿದೆ, ಬಸಿದ ನೀರು ಎಷ್ಟಾದೀತು ಎಂದು ಒಂದರ ಮೇಲೊಂದು ವಾದ ಹೂಡಿದೆ. ಹಲಗೆಗಳೇನೋ ಇದ್ದವು, ಉಪಕರಣದ ಪೆಟ್ಟಿಗೆ ಇಡಲು ಬೇಕೆಂದು ಕೊಡಲಿಲ್ಲ. "ಆಯ್ತು ಬಿಡಿ ಸಾಮಿ, ಅನ್ನಕ್ಕೆ ಹೊತ್ತಾಯ್ತು" ಎಂದು ಅವರು ಅಕ್ಕಿ ತೊಳೆಯಲು ಹೋದರು. ಗೆದ್ದೆ ಅಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಸಾರು ಕುದಿಯುತ್ತಿತ್ತು. ದಿನವೂ ಗಂಜಿ ಬಸಿಯುತ್ತಿದ್ದ ಮೂಲೆಯ ಕಾಲು ಬೆಣೆಯ ಸಮೇತ ನೆಲಕ್ಕಿಳಿಯಿತು, ಪಾತ್ರೆ ಜಾರಿತು. ಬೇರೆ ಯಾರಾದರೂ ಹಿಂದಕ್ಕೆ ಹಾರುತ್ತಿದ್ದರು. ರುದ್ರಪ್ಪನವರ ಮಂಡಿ ಬಿಡಲಿಲ್ಲ. ಬಲಗೈ ಪೂರ್ತಿ ಬೆಂದಿತ್ತು, ತೊಡೆಯೂ.

ಜೀಪಿನಲ್ಲಿ ತರೀಕೆರೆ ಆಸ್ಪತ್ರೆಗೆ ಹೋಗುವಷ್ಟು ದೂರವೂ ಅವರೇ ನನ್ನನ್ನು ಸಮಾಧಾನ ಮಾಡಿದರು. "ಅಳಬ್ಯಾಡಿ ಸಾಮಿ. ಸ್ಟೋವ್ ಆರ್ಸಿದ್ರಾ? ಟೆಂಟಿಗೆ ಹತ್ಕಂಡಾತು."

ಮುಂದಿನ ವಾರ ಎಂಜಿನಿಯರ್ ಹೇಳಿಕೆ ಬರೆದುಕೊಳ್ಳಲು ವಾರ್ಡಿಗೆ ಬಂದರು. ಮೇಜು ಯಾಕೆ ವಾಲಿತು ಎಂದು ಕೇಳಿದರು.

"ನಾನೇ ಒರಗಿದ್ದೆ ಸಾರ್. ಮಂಡಿ ನೋವು" ಎಂದರು ರುದ್ರಪ್ಪ, ನನ್ನ ಕಡೆ ನೋಡದೆ.

ಹಲಗೆಯ ಮಾತನ್ನು ಆಗ ನಾನು ಹೇಳಬೇಕಿತ್ತು. ಬಲಗೈಗೆ ಪಟ್ಟಿ ಕಟ್ಟಿದ್ದರಿಂದ ಅವರು ಎಡಗೈ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಯ ಸಹಿ ನನ್ನದು. ಗಾಯ ಮಾಗುವಷ್ಟರಲ್ಲಿ ಬೆರಳುಗಳು ಮಡಚಿಕೊಂಡಿದ್ದವು. ಆಮೇಲೆ ಅವರು ಸೌಟು ಹಿಡಿಯಲಿಲ್ಲ.

ಈಗ ಯಾವ ಕ್ಯಾಂಪಿಗೆ ಹೋದರೂ ಗಟ್ಟಿ ಮಣ್ಣು ಸಿಗುವವರೆಗೆ ಕೆರೆಸಿ, ಹಲಗೆ ಹಾಸಿ, ಬಸಿದ ನೀರು ದೂರ ಹರಿಯಲು ಕಾಲುವೆ ತೋಡಿಸುತ್ತೇನೆ. ಪಾತ್ರೆ ತುಂಬ ತಣ್ಣೀರನ್ನು ಅರ್ಧ ದಿನ ಮೇಜಿನ ಮೇಲೆ ಇಟ್ಟು ನೋಡಿದ ಮೇಲೇ ಸ್ಟೋವ್ ಹಚ್ಚುವುದು. ಇದನ್ನೆಲ್ಲ ಯಾರು ಕಲಿಸಿದ್ದು ಎಂದು ಹೊಸಬರು ಕೇಳಿದರೆ ರುದ್ರಪ್ಪನವರ ಹೆಸರು ಹೇಳುತ್ತೇನೆ. ಅವರು ಹೇಳಿದಾಗ ನಾನೇನಂದೆ ಎಂಬುದನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.